ಐದನೇ ಜಾತಿಯ ಮೀನು

ನಮ್ಮ ಅಡುಗೆಮನೆಯ ಮೂಲೆಯಲ್ಲಿ ನೀರಿನ ಡಿಸ್ಪೆನ್ಸರ್ ಒಂದಿದೆ. ಅದರ ತಲೆಯ ಮೇಲೆ ದೊಡ್ಡ ಕ್ಯಾನು ಬೋರಲಾಗಿ ಕೂತಿರುತ್ತದೆ. ಕೆಳಗೆ ಲೋಟ ಹಿಡಿದರೆ ನೀರು ಸದ್ದಿಲ್ಲದೆ ಇಳಿಯುತ್ತದೆ. ಸದ್ದು ಮಾಡುವುದು ಮೇಲಿನ ಕ್ಯಾನು. ಅದರ ಹೊಟ್ಟೆಯೊಳಗೆ ದಪ್ಪ ಗುಳ್ಳೆಯೊಂದು ಎದ್ದು 'ಗುಳುಂ' ಎನ್ನುತ್ತದೆ. ಕಳೆದ ಬೇಸಿಗೆಯ ರಜೆ ಮುಗಿಸಿ ಬಂದ ಮೇಲೆ ಆ ಗುಳುಂ ಕೇಳಿದ ಕೂಡಲೇ ನಾನು ಹತ್ತಿರ ಏನಿದೆಯೋ ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ. ಹೆಚ್ಚಿನ ಸಲ ಅದು ಮೇಜಿನ ಅಂಚು. ಒಮ್ಮೆ ಬಿಸಿ ಕಾವಲಿ.

"ಪಪ್ಪಾ, ಅದು ಜಸ್ಟ್ ವಾಟರ್," ಎನ್ನುತ್ತಾಳೆ ಮಗಳು. ಇಲ್ಲೇ, ಕತಾರಿನ ಅಲ್ ವಕ್ರಾದಲ್ಲಿ ಹುಟ್ಟಿ ಬೆಳೆದವಳು. ಊರಿನಿಂದ ಅಜ್ಜಿಯ ಫೋನು ಬಂದಾಗ ಮಾತ್ರ ಕನ್ನಡವನ್ನು ಡಬ್ಬಿಯಿಂದ ತೆಗೆದು, ಮಾತು ಮುಗಿದ ಕೂಡಲೇ ಮುಚ್ಚಳ ಹಾಕಿ ಇಡುತ್ತಾಳೆ.

ಹೌದು, ಜಸ್ಟ್ ವಾಟರ್. ಈ ದೇಶದಲ್ಲಿ ಸಿಹಿನೀರು ಎಂದರೆ ಕ್ಯಾನಿನಲ್ಲಿ ಮನೆ ಬಾಗಿಲಿಗೆ ಬರುವ ವಸ್ತು. ಮೂರು ಕಡೆ ಕಡಲು, ನಡುವೆ ಮರಳು. ಹೊಳೆಯಿಲ್ಲ, ತೋಡಿಲ್ಲ. ಮಳೆ ನಾಲ್ಕು ಹನಿ ಬಿದ್ದರೆ ಆಫೀಸಿಗೆ ಆಫೀಸೇ ಕಿಟಕಿಗೆ ಓಡಿ ವಿಡಿಯೊ ಮಾಡಿಕೊಳ್ಳುತ್ತದೆ. ಇಂಥಲ್ಲಿ ಕೂತು ಸಿಹಿನೀರಿಗೆ ಹೆದರುವವನು ಇಡೀ ಕತಾರಿನಲ್ಲಿ ನಾನೊಬ್ಬನೇ ಇರಬೇಕು.

ನನ್ನ ಕೆಲಸ ಹಮದ್ ಬಂದರಿನ ಹತ್ತಿರ, ಹಡಗು ಸಾಗಣೆಯ ಒಂದು ಕಚೇರಿಯಲ್ಲಿ. ಕಾಗದಪತ್ರದ ವಿಭಾಗ. ಹಡಗುಗಳ ಹೆಸರು, ಉದ್ದ, ತೂಕ, ಅವು ಎಲ್ಲಿಂದ ಹೊರಟು ಎಲ್ಲಿಗೆ ಬರುತ್ತವೆ, ಕೇಳಿದರೆ ಥಟ್ಟನೆ ಹೇಳುತ್ತೇನೆ. ಹತ್ತಿದ್ದು ಮಾತ್ರ ಒಂದನ್ನೂ ಇಲ್ಲ. ಅದೆಷ್ಟೋ ಕಂಟೇನರುಗಳನ್ನು ಸಮುದ್ರ ದಾಟಿಸಿದ್ದೇನೆ, ಕಾಲಿನ ಬೂಟು ಒದ್ದೆಯಾಗದಂತೆ. ಈ ಅನುಭವದ ಬಲದ ಮೇಲೆ, ನೀರಿನ ವಿಷಯ ನನಗೆ ಸಾಕಷ್ಟು ಗೊತ್ತು ಎಂದು ನಂಬಿದ್ದೆ.

ಇನ್ನು ಭಾಷೆ. ಇಷ್ಟು ವರ್ಷ ಇಲ್ಲಿದ್ದು ನಾನು ಕಲಿತ ಅರಬಿ ಎಂದರೆ ಮೂರು ಶಬ್ದ. ಇಲ್ಲ ಎನ್ನುವುದಕ್ಕೆ ಮಾಫಿ, ಮುಗಿಯಿತು ಎನ್ನುವುದಕ್ಕೆ ಖಲಾಸ್, ಮಿಕ್ಕಿದ್ದಕ್ಕೆಲ್ಲ ಯಲ್ಲಾ. ಹೊರಡೋಣ ಎಂದರೂ ಯಲ್ಲಾ, ಬೇಗ ಮಾಡು ಎಂದರೂ ಯಲ್ಲಾ, ಫೋನು ಇಡುತ್ತೇನೆ ಎಂದರೂ ಯಲ್ಲಾ. ಲಿಫ್ಟು ತಡವಾದರೆ ಲಿಫ್ಟಿಗೆ ಹೇಳುತ್ತೇನೆ, ಪ್ರಿಂಟರು ಕಾಗದ ನುಂಗಿದರೆ ಪ್ರಿಂಟರಿಗೆ. ನನ್ನ ಹೆಂಡತಿ ಶೋಭಾ ಒಮ್ಮೆ ಹೇಳಿದಳು, "ನೀವು ದೇವರಿಗೆ ದೀಪ ಇಡುವಾಗಲೂ ಯಲ್ಲಾ ಅಂದ್ರಿ. ದೇವರಿಗೆ ಎಂತ ಅರ್ಜೆಂಟು ಉಂಟು?"

ಶೋಭಾಳ ಅಣ್ಣ ವಸಂತ ಇರುವುದು ಕೆನಡಾದಲ್ಲಿ. ಅದೂ ಕೆನಡಾದವರೇ "ಅಷ್ಟು ಮೇಲೆಯಾ?" ಎಂದು ಹುಬ್ಬೇರಿಸುವಷ್ಟು ಉತ್ತರದ ಒಂದು ಊರಿನಲ್ಲಿ, ಆಸ್ಪತ್ರೆಯ ಲ್ಯಾಬಿನಲ್ಲಿ ಅವರಿಗೆ ಕೆಲಸ. ನಮ್ಮ ಕಡೆ ಹೆಂಡತಿಯ ಅಣ್ಣ ನನಗೆ ಭಾವ. ತಂಗಿಯ ಗಂಡನಾದ ನಾನೂ ಅವರಿಗೆ ಭಾವ. ಇಬ್ಬರೇ ಇದ್ದಾಗ 'ಭಾವ' ಎಂದರೆ ಕರೆದವನನ್ನು ಬಿಟ್ಟು ಉಳಿದವನು. ಗೊಂದಲಕ್ಕೆ ಆಸ್ಪದವಿಲ್ಲದ ಒಳ್ಳೆಯ ಏರ್ಪಾಡು.

"ಭಾವ, ಈ ಸಲ ರಜೆಗೆ ಇಲ್ಲಿಗೇ ಬನ್ನಿ. ಮೀನು ಹಿಡಿಯುವ," ಎಂದು ಫೋನಿನಲ್ಲಿ ಕರೆದರು.

"ಕೆರೆ ಮೀನಾ?" ಎಂದೆ.

"ಕೆರೆ ಅಂತ ಹೇಳ್ಬೇಡಿ ಮಾರಾಯ್ರೆ. ನಿಮ್ಮ ಕತಾರನ್ನು ತಂದು ಇದರಲ್ಲಿ ಮುಳುಗಿಸಿದ್ರೂ ಮೇಲೆ ನೀರೇ ಕಾಣುದು."

ನನ್ನ ಅನುಮಾನಕ್ಕೆ ಕಾರಣವಿತ್ತು. ಕಡಲಿನ ಮೀನು ತಿಂದು ಬೆಳೆದವರಿಗೆ ಸಿಹಿನೀರಿನ ಮೀನು ಎಂದರೆ ಒಂದು ಬಗೆಯ ಅಸಡ್ಡೆ. ನಮ್ಮೂರು ಹಳೆಯಂಗಡಿಯಲ್ಲಿ ನಾನು ಚಿಕ್ಕವನಿದ್ದಾಗ ಮೊದಲ ಮಳೆ ಜೋರಾಗಿ ಹೊಡೆದ ಮರುದಿನ ಗದ್ದೆಯ ಹುಣಿ, ಅಂದರೆ ಬದು, ಒಡೆದು ನೀರು ಹರಿಯುತ್ತಿತ್ತು. ಅಕ್ಕ ಬೈರಾಸಿನ ಒಂದು ತುದಿ, ನಾನೊಂದು ತುದಿ ಹಿಡಿದು ಆ ನೀರಿಗೆ ಅಡ್ಡ ನಿಲ್ಲುತ್ತಿದ್ದೆವು. ಬೈರಾಸು ಅಜ್ಜನದ್ದು, ಮುಖ ಒರೆಸುವುದು. ಹರಿದು ಬಂದ ಕಸ, ಕಪ್ಪೆಮರಿ, ಒಂದು ಸಲ ಯಾರದೋ ಚಪ್ಪಲಿ, ಇವುಗಳ ನಡುವೆ ಬೆರಳುದ್ದದ ಮೀನು ಸಿಕ್ಕಿದರೆ ಮೆರವಣಿಗೆಯಲ್ಲಿ ಅಡುಗೆಮನೆಗೆ ಒಯ್ಯುತ್ತಿದ್ದೆವು. ಅಜ್ಜಿ ಅದನ್ನು ಮೂಸಿ ನೋಡಿ, "ಮಣ್ಣು ವಾಸನೆ. ಬೆಕ್ಕಿಗೆ ಹಾಕಿದ್ರೆ ಬೆಕ್ಕಿಗೂ ಬೇಜಾರಾದೀತು," ಎನ್ನುತ್ತಿದ್ದರು. ಅಜ್ಜ ಮಾತ್ರ ಸಂಜೆ ಮುಖ ಒರೆಸಿಕೊಂಡು, ಈ ವರ್ಷ ಮಳೆಗೆ ವಿಶೇಷ ಪರಿಮಳ ಉಂಟು ಎನ್ನುತ್ತಿದ್ದರು. ಅವರಿಗೆ ಯಾರೂ ಏನೂ ಹೇಳಲಿಲ್ಲ.

ಅಂತೂ ಹೋದೆವು. ಸರೋವರದ ದಂಡೆಯಲ್ಲಿ ನಿಂತಾಗ ನನ್ನ ಬಾಯಿಂದ ಕೆರೆ ಎಂಬ ಶಬ್ದ ತಾನಾಗಿ ಮಾಯವಾಯಿತು. ಆಚೆ ದಡ ಎನ್ನುವುದೇ ಇರಲಿಲ್ಲ. ಅಲ್ಲಲ್ಲಿ ಕಲ್ಲಿನ ಸಣ್ಣ ದ್ವೀಪಗಳು, ಅವುಗಳ ಮೇಲೆ ಮೊನಚು ತಲೆಯ ಮರಗಳು. ಜುಲೈ ತಿಂಗಳ ಬಿಸಿಲಿದ್ದರೂ ನೀರಿಗೆ ಬೆರಳಿಟ್ಟರೆ ಫ್ರಿಜ್ಜಿನೊಳಗೆ ಕೈ ಹಾಕಿದಂತೆ. ಮಗಳು ನೀರು ಮುಟ್ಟಿ ನೋಡಿ, ಅತ್ತೆಯ, ಅಂದರೆ ಭಾವನ ಹೆಂಡತಿಯ, ಜೊತೆ ಅವರ ಕಾರು ಹತ್ತಿ ಮನೆಗೆ ಹೋಗಿಬಿಟ್ಟಳು. ದೋಣಿಯಲ್ಲಿ ನಾವು ಮೂವರು: ಭಾವ, ಶೋಭಾ, ನಾನು.

ಹೊರಡುವ ಮೊದಲು ಭಾವ ನಮಗೆ ಲೈಫ್ ಜಾಕೆಟ್ ತೊಡಿಸಿ ಪಾಠ ಮಾಡಿದರು. "ಈ ನೀರಿಗೆ ಬಿದ್ರೆ ಈಜುವ ಮಾತೇ ಇಲ್ಲ. ಮೊದ್ಲು ಉಸಿರು ಕಟ್ತದೆ. ಮತ್ತೆ ಕೈಕಾಲು ಮಾತು ಕೇಳುದಿಲ್ಲ."

"ಮತ್ತೆ?" ಎಂದೆ.

"ಮತ್ತೆ ಎಂತ, ಜಾಕೆಟ್ ಇಲ್ಲದಿದ್ರೆ ಸೀದಾ ಕೆಳಗೆ," ಎಂದು ಶೋಭಾಳ ಬಕಲ್ ಎಳೆದರು.

"ಅಣ್ಣ, ಉಸಿರು ಈಗ್ಲೇ ಕಟ್ಟಿತು. ಸ್ವಲ್ಪ ಲೂಸ್ ಮಾಡು," ಎಂದಳು ಶೋಭಾ.

ಅಲ್ಲಿಯವರದು ಒಂದು ವಿಚಿತ್ರ ಹುಚ್ಚು. ಎಷ್ಟು ದೊಡ್ಡ ಮೀನು ಹಿಡಿದೆ, ಎಷ್ಟು ಹಿಡಿದೆ ಎನ್ನುವುದಲ್ಲ; ಒಂದೇ ದಿನದಲ್ಲಿ ಎಷ್ಟು ಜಾತಿಯದ್ದನ್ನು ಹಿಡಿದೆ ಎನ್ನುವುದು ಪಂದ್ಯ. ಒಂದೊಂದು ಜಾತಿಗೆ ಒಂದೊಂದು ಜಾಗ, ಒಂದೊಂದು ಆಳ, ಒಂದೊಂದು ಎರೆ. ಜಾತಿ ಕೇಳಬಾರದು ಎಂದು ಶಾಲೆಯಲ್ಲಿ ಕಲಿತ ನಾನು, ಇಲ್ಲಿ ಮೀನಿನ ಬಾಯಿ ತೆರೆಸಿ ಜಾತಿ ಕೇಳುವವರ ನಡುವೆ ಕೂತಿದ್ದೆ. ಭಾವನ ಪಟ್ಟು ಐದು ಜಾತಿಗೆ. ನಾಲ್ಕು ಅವರಿಗೆ ಎಷ್ಟೋ ಸಲ ಸಿಕ್ಕಿದ್ದವು. ಐದನೆಯದು, ವೈಟ್‌ಫಿಶ್ ಎಂಬ ಬೆಳ್ಳಿ ಮೈಯ ಮೀನು, ಉಳಿದ ನಾಲ್ಕರ ಜೊತೆ ಒಂದೇ ದಿನ ಸಿಕ್ಕಿದ್ದಿಲ್ಲ. ಆಸ್ಪತ್ರೆಯ ಗೆಳೆಯರೆಲ್ಲ ಐದು ಮಾಡಿ ಫೋಟೊ ಹಾಕಿಯಾಗಿತ್ತು.

ಜೊಂಡು ಬೆಳೆದ ಮೂಲೆಯೊಂದರಲ್ಲಿ ಹೊಳೆಯುವ ತಗಡಿನ ಎರೆ ಎಸೆದಾಗ ಪೈಕ್ ಸಿಕ್ಕಿತು. ಶೋಭಾ ಅದನ್ನು ಮೀನು ಮಾರುಕಟ್ಟೆಯ ಕಣ್ಣಿನಿಂದ ನೋಡಿದಳು. ವಕ್ರಾದಲ್ಲಿ ಅವಳು ಕಿವಿರು ಎತ್ತಿ ನೋಡದೆ ಒಂದು ಹಮೂರ್ ಮೀನನ್ನೂ ಕೊಂಡವಳಲ್ಲ.

"ಮೂತಿ ಬಾತುಕೋಳಿಯದ್ದು, ಹಲ್ಲು ನಾಯಿಯದ್ದು. ಆದ್ರೂ ಫ್ರೈ ಮಾಡಬಹುದು," ಎಂದು ತೀರ್ಪು ಕೊಡುವಷ್ಟರಲ್ಲಿ ಭಾವ ಅದನ್ನು ಮೆಲ್ಲಗೆ ನೀರಿಗೆ ಬಿಟ್ಟುಬಿಟ್ಟರು.

"ಅಯ್ಯೋ! ಎಂತ ಮಾಡಿದಿ?"

"ಇಲ್ಲಿ ಹಾಗೆಯೇ. ಹಿಡಿಯುದು, ನೋಡುದು, ಬಿಡುದು."

"ಬಿಡ್ಲಿಕ್ಕೆ ಹಿಡಿಯುದಾದ್ರೆ ನಾನು ಮಸಾಲೆ ಯಾಕೆ ಕಡೆದು ತಂದದ್ದು?" ಎಂದು ಅವಳು ಸ್ಟೀಲಿನ ಡಬ್ಬಿ ಎತ್ತಿ ತೋರಿಸಿದಳು. ದೋಹಾದಿಂದ ಸೂಟ್‌ಕೇಸಿನಲ್ಲಿ ಬಂದ ಬ್ಯಾಡಗಿ ಮೆಣಸು, ಹುಣಸೆಹುಳಿ. ದ್ವೀಪದಲ್ಲಿ ಇಳಿದು ಮೀನಿನ ಪುಳಿಮುಂಚಿ ಸಾರು ಮಾಡುವುದು ಅವಳ ಯೋಜನೆ. ಕೊನೆಗೆ, ಕಾನೂನು ಒಪ್ಪುವ ಅಳತೆಯದ್ದನ್ನು ತಿನ್ನಲು ಇಟ್ಟುಕೊಳ್ಳಬಹುದು ಎಂದು ಒಪ್ಪಂದವಾಯಿತು.

ಕಲ್ಲುಗಳ ಹತ್ತಿರ ಪರ್ಚ್ ಸಿಕ್ಕಿತು. ಅದಕ್ಕೆ ಎರೆಹುಳ ಬೇಕು. ನಾನು ಹುಳವನ್ನು ಮುಟ್ಟುವುದಿಲ್ಲ ಎಂದೆ. ಶೋಭಾ ಮಲ್ಲಿಗೆ ಪೋಣಿಸುವವಳ ಹಾಗೆ ಚಕಚಕನೆ ಗಾಳಕ್ಕೆ ಸಿಕ್ಕಿಸಿ, "ಡಿಗ್ರಿ ಮಾಡಿದ ಗಂಡಸು!" ಎಂದು ಗಾಳವನ್ನು ನನ್ನ ಕೈಗಿಟ್ಟಳು. ದ್ವೀಪವೊಂದರ ನೆರಳಿನಲ್ಲಿ ವಾಲೈ ಬಂತು. ಅದರ ಕಣ್ಣು ಹೊಳೆಯುವುದು ಕತ್ತಲೆಯಲ್ಲಿ ಬೆಕ್ಕು ನೋಡಿದ ಹಾಗೆ. ತೀರಾ ಆಳದಲ್ಲಿ ಲೇಕ್ ಟ್ರೌಟ್. ಅದನ್ನು ಎಳೆದವನು ನಾನು ಎಂದು ಹೇಳಿಕೊಳ್ಳಲು ಆಸೆ. ನಿಜವೆಂದರೆ ಕೋಲು ಹಿಡಿದುಕೊಂಡದ್ದು ನಾನು, ನನ್ನನ್ನು ಹಿಡಿದುಕೊಂಡದ್ದು ಶೋಭಾ, ಸುತ್ತಿದ್ದು ಭಾವ.

ನಾಲ್ಕು ಜಾತಿಯಾಯಿತು. ಮಧ್ಯಾಹ್ನದ ಹೊತ್ತಿಗೆ ಭಾವ ದೋಣಿಯನ್ನು ನಡುನೀರಿಗೆ ಒಯ್ದು, ಅಡಿಯಲ್ಲಿ ಕಲ್ಲುಹಾಸು ಇರುವ ಜಾಗ ನೋಡಿ ಮುಂದಿನಿಂದ ಲಂಗರು ಇಳಿಸಿದರು. ಲಂಗರು ಹೊಸದು. ಅದನ್ನು ಕೊಳ್ಳಲು ಎಷ್ಟು ಅಂಗಡಿ ಅಲೆದೆ ಎಂಬ ಕಥೆಯನ್ನು ಬೆಳಿಗ್ಗೆಯಿಂದ ಎರಡು ಸಲ ಕೇಳಿದ್ದೆವು.

"ಅಣ್ಣ, ಆ ಕಡೆ ಕಪ್ಪಾಯ್ತು ನೋಡು," ಎಂದಳು ಶೋಭಾ.

"ಅದು ಈ ಕಡೆ ಬರುದಿಲ್ಲ. ಆ್ಯಪಿನಲ್ಲಿ ಸಂಜೆವರೆಗೆ ಕ್ಲಿಯರ್ ಉಂಟು."

"ಮೋಡಕ್ಕೆ ಆ್ಯಪ್ ಓದ್ಲಿಕ್ಕೆ ಬರ್ತದಾ?"

ಅಷ್ಟರಲ್ಲಿ ಭಾವನ ಕೋಲಿನ ತುದಿ ನಡುಗಿತು. ಅವರು ಉಸಿರು ಬಿಗಿಹಿಡಿದು ಸುತ್ತಿದರು. ಮೇಲೆ ಬಂದದ್ದು ಬೆಳ್ಳಿಯಂತಹ ಮೀನು, ಪುಟ್ಟ ಬಾಯಿ, ಊರಿನ ಮಾಂಜಿ ಮೀನಿನ ಹಾಗೆ ಮಿಂಚುವ ಮೈ. ಭಾವ ಎರಡೂ ಕೈಯಲ್ಲಿ ಹಿಡಿದು ನಿಂತರು. ಐವತ್ತು ದಾಟಿದ ಮನುಷ್ಯನ ಮುಖದಲ್ಲಿ ಶಾಲೆಯಲ್ಲಿ ಬಹುಮಾನ ಬಂದಾಗಿನ ನಗು.

"ಭಾವ, ಫೋಟೊ! ಫೋಟೊ! ತಡೀರಿ, ಇದರಲ್ಲಿ ಹೊಟ್ಟೆ ದಪ್ಪ ಕಾಣ್ತದೆ," ಎಂದು ಮೀನನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಜಾಕೆಟ್ಟಿನ ಬಕಲುಗಳನ್ನು ಬಿಚ್ಚಿದರು. ನಾನು ಫೋನು ಎತ್ತಿದೆ. ಪರದೆಯಲ್ಲಿ ಭಾವನ ಹಿಂದಿನ ನೀರಿನ ಬಣ್ಣ ಬದಲಾಗುವುದು ಕಂಡಿತು. ಫೋನಿಗೆ ಏನೋ ಆಗಿದೆ ಎಂದು ಅದನ್ನು ಒರೆಸಿದೆ.

ಗಾಳಿ ಬಂದದ್ದು ಯಾರೋ ಬಾಗಿಲು ಒದ್ದ ಹಾಗೆ. ಊರಿನ ಕಡಲಿನ ಅಲೆಗೆ ಒಂದು ಸಾವಧಾನ ಇದೆ; ಎತ್ತುತ್ತದೆ, ಇಳಿಸುತ್ತದೆ, ನಡುವೆ ಉಸಿರಾಡಲು ಬಿಡುತ್ತದೆ. ಇಲ್ಲಿಯ ಅಲೆಗಳು ಗಿಡ್ಡ, ಕಡಿದು, ಒಂದರ ಬೆನ್ನಿಗೆ ಇನ್ನೊಂದು. ದೋಣಿ ಎದ್ದು ಅಲೆಯನ್ನು ಏರಬೇಕು. ಆದರೆ ಲಂಗರಿನ ಹಗ್ಗ ಅದರ ಮುಂತುದಿಯನ್ನು ಜಗ್ಗಿ ಹಿಡಿದಿತ್ತು. ಹಾಗಾಗಿ ಪ್ರತಿ ಅಲೆಯೂ ದೋಣಿಯ ಮೇಲೆ ಏರಿತು.

"ಭಾವ, ಎಂಜಿನ್ ಸ್ಟಾರ್ಟ್ ಮಾಡಿ! ನಾನು ಹೇಳುವವರೆಗೆ ಮುಂದೆ ಬಿಡ್ಬೇಡಿ!" ಎಂದು ಕೂಗಿ ಭಾವ ಮುಂದಕ್ಕೆ ಓಡಿ ಹಗ್ಗ ಎಳೆಯತೊಡಗಿದರು. ಲಂಗರು ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಎಳೆದರು. ಅದು ಬರಲಿಲ್ಲ. ಜಾಕೆಟ್ಟಿನ ಎರಡು ಪಟ್ಟಿಗಳು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದ್ದವು. ನಾನು ಹಿಂದೆ ಕೂತು ಎಂಜಿನ್ನಿನ ಹಿಡಿ ಹಿಡಿದಿದ್ದೆ. ಬೆಳಿಗ್ಗೆ ಅವರು ಕಲಿಸಿದ್ದಷ್ಟೇ ನನಗೆ ಗೊತ್ತು. ನಡುವೆ ಶೋಭಾ ಡಬ್ಬಿಯ ಮುಚ್ಚಳದಲ್ಲಿ ನೀರು ಎತ್ತಿ ಹೊರಚೆಲ್ಲುತ್ತಿದ್ದಳು.

ಆಮೇಲೆ ಆ ಅಲೆ. ದೋಣಿಯ ಮುಂತುದಿ ಪೂರ್ತಿ ಬಿಳಿ ನೀರಿನೊಳಗೆ ಹೋಯಿತು. ನೀರು ಹಲಗೆಯ ಕೆಳಗಿನ ಟೊಳ್ಳಿಗೆ ನುಗ್ಗಿ 'ಗುಳುಂ' ಎಂದಿತು. ಮುಂತುದಿ ಮೇಲೆ ಬಂದಾಗ ಅಲ್ಲಿ ಭಾವ ಇರಲಿಲ್ಲ.

ಎಷ್ಟು ಹೊತ್ತು ಎಂದು ಕೇಳಬೇಡಿ. ಶೋಭಾ ಈಗಲೂ ಕಣ್ಣು ಮುಚ್ಚಿ ತೆರೆಯುವಷ್ಟು ಎನ್ನುತ್ತಾಳೆ. ನಾನು ನೋಡಿದ್ದು ಅಷ್ಟು ಚಿಕ್ಕದಲ್ಲ. ಆ ಖಾಲಿ ಜಾಗವನ್ನು ನಾನು ಬಂದರಿನ ಕ್ಯಾಂಟೀನಿನಲ್ಲಿ ನೋಡುತ್ತೇನೆ, ಮೆಟ್ರೊದಲ್ಲಿ ಎದುರಿನ ಸೀಟಿನವರು ಎದ್ದು ಹೋದಾಗ ನೋಡುತ್ತೇನೆ. ಮನುಷ್ಯನ ಮನಸ್ಸು ಎಂಥದ್ದು ನೋಡಿ: ಕಿರುಚುವ ಬದಲು, ನೀರಿಗೆ ಕೈ ಚಾಚುವ ಬದಲು, ನನ್ನ ತಲೆಯಲ್ಲಿ ಒಂದು ವಾಕ್ಯ ಅಚ್ಚುಕಟ್ಟಾಗಿ ತಯಾರಾಯಿತು. ಭಾವನ ಹೆಂಡತಿಯ ಎದುರು ನಿಂತು ನಾನು ಹೇಳಬೇಕಾದ ಮೊದಲ ವಾಕ್ಯ: 'ಅತ್ತಿಗೆ, ಸ್ವಲ್ಪ ಕೂತ್ಕೊಳ್ಳಿ.'

ಅಷ್ಟರಲ್ಲಿ ಐಸ್ ಪೆಟ್ಟಿಗೆಯ ಹಿಂದಿನಿಂದ ಒಂದು ಕೈ ಎದ್ದಿತು. ಆಮೇಲೆ ಟೋಪಿಯಿಲ್ಲದ ತಲೆ. ಭಾವ ದೋಣಿಯ ಒಳಕ್ಕೇ ಬಿದ್ದಿದ್ದರು. ಕೈಯಲ್ಲಿ ಹಗ್ಗ ಹಾಗೆಯೇ ಇತ್ತು. ಮೊಣಕಾಲೂರಿ ಎದ್ದವರೇ ಮತ್ತೆ ಆ ಲಂಗರನ್ನು ಎಳೆಯಲು ಬಗ್ಗಿದರು!

"ಯಲ್ಲಾ!" ಎಂದು ಕೂಗಿದೆ. ಬೇಗ ಎಳೆಯಿರಿ, ಬೇಗ ಮುಗಿಸಿ ಎಂಬ ಅರ್ಥದಲ್ಲಿ.

ಭಾವ ತಿರುಗಿ ನೋಡಿದರು. ಮುಖದ ತುಂಬ ನೀರು, ಬೆರಗು. "ಎಲ್ಲಾ?"

"ಯಲ್ಲಾ! ಯಲ್ಲಾ!"

ಅವರು ಒಂದು ಕ್ಷಣ ಹಗ್ಗವನ್ನು ನೋಡಿದರು, ಬೀಳ್ಕೊಡುವವರ ಹಾಗೆ. ಗೂಟದಿಂದ ಬಿಚ್ಚಿ ಬಿಟ್ಟೇಬಿಟ್ಟರು. ಹಗ್ಗ ಹಾವಿನಂತೆ ಸರ್ರನೆ ನೀರಿಗಿಳಿಯಿತು. ಆಮೇಲೆ ಐಸ್ ಪೆಟ್ಟಿಗೆಯನ್ನು ಎತ್ತಿದರು, ಅದರೊಳಗಿನ ವಾಲೈ, ಟ್ರೌಟ್, ಫೋಟೊ ಆಗದ ಐದನೇ ಜಾತಿ ಸಮೇತ, ಎಸೆದರು. ಗಾಳಗಳ ಪೆಟ್ಟಿಗೆ ಎಸೆದರು. ಮಡಚುವ ಕುರ್ಚಿ, ಅಡುಗೆಯ ಪಾತ್ರೆ, ಒಲೆ. ಕೊನೆಗೆ ಶೋಭಾಳ ಕಾಲಬುಡದಿಂದ ಸ್ಟೀಲಿನ ಡಬ್ಬಿ.

"ಅಣ್ಣಾ! ನನ್ನ ಮಸಾಲೆ ಯಾಕೆ!"

"ಭಾವ ಹೇಳಿದ್ರಲ್ಲ!"

ನಾನು ಏನು ಹೇಳಿದೆ ಎಂದು ನನಗೆ ತಿಳಿಯಲಿಲ್ಲ. ಆದರೆ ಹಗ್ಗ ಹೋದ ಗಳಿಗೆಯಲ್ಲೇ ದೋಣಿ ಕಟ್ಟು ಬಿಚ್ಚಿದ ಕರುವಿನಂತೆ ತಲೆಯೆತ್ತಿತು. ಮುಂದಿನ ಅಲೆ ನಮ್ಮ ಮೇಲೆ ಬರಲಿಲ್ಲ. ನಾವು ಅದರ ಮೇಲೆ ಹೋದೆವು. ಭಾವ ತೋರಿಸಿದ ದಿಕ್ಕಿಗೆ ನಾನು ಹಿಡಿ ತಿರುಗಿಸಿದೆ. ಹತ್ತಿರದ ದ್ವೀಪದ ಮರೆಗೆ ಸೇರಿದಾಗ ಗಾಳಿ ಮರಗಳ ತುದಿಯಲ್ಲಷ್ಟೇ ಉಳಿಯಿತು. ಕೆಳಗೆ ನೀರು ಏನೂ ಆಗಿಲ್ಲವೆಂಬಂತೆ ಮಲಗಿತ್ತು.

ನಮ್ಮ ಹಲ್ಲುಗಳು ಕಟಕಟ ಎನ್ನುತ್ತಿದ್ದವು. ಶೋಭಾ ಅಣ್ಣನ ಬಕಲುಗಳನ್ನು ಒಂದೊಂದಾಗಿ ಹಾಕಿದಳು. ಅವರ ಬೆರಳುಗಳು ಮರಗಟ್ಟಿದ್ದವು. "ಹೊಟ್ಟೆ ದಪ್ಪ ಕಾಣ್ತದಂತೆ! ದಪ್ಪ ಇರುದು ದಪ್ಪವೇ ಕಾಣುದು," ಎಂದು ಬೈಯುತ್ತಲೇ ಇದ್ದಳು.

ಭಾವ ನನ್ನ ಕಡೆ ತಿರುಗಿದರು. "ನಿಮ್ಮ ಧೈರ್ಯ ಮೆಚ್ಚಬೇಕು ಭಾವ. ನನಗೆ ಆ ಲಂಗರು ಬಿಡ್ಲಿಕ್ಕೆ ಮನಸ್ಸೇ ಇರಲಿಲ್ಲ. ಹಿಂದೆ ಕೂತು ಎಷ್ಟು ಸರಿಯಾಗಿ ಹೇಳಿದ್ರಿ, ಎಲ್ಲಾ ಬಿಸಾಡು ಅಂತ!"

ಹೊಗಳಿಕೆ ಬಂದಾಗ ಕಾರಣ ಕೇಳುವ ಸ್ವಭಾವ ನನ್ನದಲ್ಲ. ವಿನಯದಿಂದ ತಲೆ ತಗ್ಗಿಸಿದೆ. ಆದರೆ ಶೋಭಾ ನನ್ನನ್ನೇ ನೋಡುತ್ತಿದ್ದಳು. ಅವಳ ತುಟಿ ಅದುರಿತು, ಆಮೇಲೆ ಭುಜ. ಅಳುತ್ತಾಳೆ ಎಂದುಕೊಂಡೆ. ಅವಳು ನಗುತ್ತಿದ್ದಳು. ನಗುತ್ತ ನಗುತ್ತ ಅತ್ತಳು.

"ಅಣ್ಣ, ಅದು ಎಲ್ಲಾ ಅಲ್ಲ. ಯಲ್ಲಾ! ಅರಬಿ. ಬೇಗ ಅಂತ. ಇವರು ಪ್ರಿಂಟರಿಗೂ ಹಾಗೆಯೇ ಹೇಳುದು!"

ಭಾವ ನನ್ನನ್ನು ದುರುಗುಟ್ಟಿ ನೋಡಿದರು. "ಬೇಗ ಅಂತಾದ್ರೆ ಬೇಗ ಅಂತ ಹೇಳ್ಬೇಕಲ್ವಾ ಮಾರಾಯ್ರೆ? ಕನ್ನಡದಲ್ಲಿ ಶಬ್ದ ಇಲ್ವಾ? ನನ್ನ ಹೊಸ ಲಂಗರು! ನನ್ನ ವೈಟ್‌ಫಿಶ್!"

ಶಬ್ದ ಇದೆ. ಅದೇ ನನ್ನನ್ನು ಈಗಲೂ ಕಾಡುವುದು. ಆ ಗಳಿಗೆಯಲ್ಲಿ ನನ್ನ ಬಾಯಿಗೆ ಒಳ್ಳೆಯ ಕನ್ನಡ ಬಂದಿದ್ದರೆ, 'ಬೇಗ ಭಾವ, ಬೇಗ' ಎಂದು ಕೂಗಿದ್ದರೆ, ಅವರು ಬೇಗ ಬೇಗ ಎಳೆಯುತ್ತಲೇ ಇರುತ್ತಿದ್ದರು, ಬಕಲಿಲ್ಲದ ಜಾಕೆಟ್ಟಿನಲ್ಲಿ, ಮುಂದಿನ ಅಲೆ ಬರುವವರೆಗೆ. ಹೀಗೆ ಯೋಚಿಸಬಾರದು ಎಂದು ಶೋಭಾ ಹೇಳುತ್ತಾಳೆ. ಸರಿ ಎನ್ನುತ್ತೇನೆ. ಮತ್ತೆ ಯೋಚಿಸುತ್ತೇನೆ.

ಗಾಳಿ ನಿಂತ ಮೇಲೆ ದಂಡೆ ಸೇರಿ, ಭಾವನ ಕಾರಿನ ಹೀಟರ್ ಪೂರ್ತಿ ಹಾಕಿಕೊಂಡು ಮನೆಗೆ ಬಂದೆವು. ಮನೆಯ ಮೆಟ್ಟಿಲು ಮೊದಲು ಹತ್ತಿದವನು ನಾನು. ಅಣ್ಣ ತಂಗಿ ಕಾರಿನ ಹತ್ತಿರವೇ ನಿಂತು ಬಟ್ಟೆಯ ನೀರು ಹಿಂಡುತ್ತಿದ್ದರು. ಬಾಗಿಲು ತೆರೆದವರು ಅತ್ತಿಗೆ. ಅವರ ಹಿಂದೆ ಮಗಳು, ಕೈಯಲ್ಲಿ ಅರ್ಧ ತಿಂದ ಬಾಳೆಹಣ್ಣು.

"ಎಂತ ಭಾವ, ನೀವೊಬ್ಬರೇ? ಎಲ್ಲಿ ಇವರು?"

ನನ್ನ ನಾಲಿಗೆಯ ಮೇಲೆ ಆ ವಾಕ್ಯ ಕಾಯುತ್ತ ಕೂತಿತ್ತು. ನಾನು ತಡೆಯುವ ಮೊದಲೇ ಹೊರಗೆ ಬಂತು.

"ಅತ್ತಿಗೆ, ಸ್ವಲ್ಪ ಕೂತ್ಕೊಳ್ಳಿ."

ಅವರ ಮುಖದ ರಕ್ತ ಇಳಿದುಹೋಯಿತು. ಗೋಡೆ ಹಿಡಿದು, ಚಪ್ಪಲಿ ಬಿಡುವ ಬೆಂಚಿನ ಮೇಲೆ ಕೂತರು. ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಬೂಟುಗಳ ಪಚಪಚ ಸದ್ದು. ಭಾವ ನನ್ನನ್ನು ಸರಿಸಿಕೊಂಡು ಒಳಗೆ ಬಂದು, "ಬಿಸಿನೀರು ಉಂಟಾ?" ಎಂದರು. ಅತ್ತಿಗೆ ಗಂಡನನ್ನು ನೋಡಿದರು, ನನ್ನನ್ನು ನೋಡಿದರು.

"ಕೂತೆ ಭಾವ. ಎಂತ ಹೇಳಿ."

ನಾನು ತಯಾರು ಮಾಡಿದ್ದು ಮೊದಲ ವಾಕ್ಯ ಮಾತ್ರ. ಎರಡನೆಯದು ನನ್ನ ಹತ್ತಿರ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ.

"ಇವತ್ತು ಅಡುಗೆ ನಾನು ಮಾಡ್ತೇನೆ," ಎಂದೆ.

ಮದುವೆಯಾದ ಮೇಲೆ ನಾನು ಅಡುಗೆ ಮಾಡಿದ್ದು ಯಾರಿಗೂ ನೆನಪಿಲ್ಲ. ಮೊಟ್ಟೆ ಒಡೆದೆ, ಈರುಳ್ಳಿ ಹೆಚ್ಚಿದೆ, ಎರಡನ್ನೂ ಬಾಣಲೆಗೆ ಹಾಕಿ ಕೆದಕಿದೆ. ಭಾವ ಸ್ನಾನ ಮಾಡಿ, ಎರಡು ಸ್ವೆಟರ್ ಹಾಕಿಕೊಂಡು ಬಂದು ಊಟದ ಮೇಜಿನ ತುದಿಯಲ್ಲಿ, ದಿನಾ ಕೂರುವ ಕುರ್ಚಿಯಲ್ಲಿ ಕೂತರು. ಒಂದು ತುತ್ತು ಬಾಯಿಗಿಟ್ಟು, ಅಗಿದು, ಮುಖ ಕಿವುಚಿದರು.

"ಭಾವ, ಇದಕ್ಕೆ ಉಪ್ಪೇ ಹಾಕ್ಲಿಲ್ಲ ನೀವು."

"ಇನ್ನೊಮ್ಮೆ ಹೇಳಿ," ಎಂದೆ.

"ಉಪ್ಪಿಲ್ಲ ಮಾರಾಯ್ರೆ!" ಎಂದು ಭಾವ ಮನೆಯೆಲ್ಲ ಕೇಳುವ ಹಾಗೆ ಕೂಗಿದರು.